ಚಲನಚಿತ್ರ ಡಿಸ್ಕುಗಳ ಗೃಹಭಂಡಾರ

ಗ್ರಂಥಸಂಗ್ರಹ ಮಾಡುವ ಗೃಹಸ್ಥನಿಗೆ ನಮ್ಮ ಸಮಾಜದಲ್ಲಿ ಸಲ್ಲುತ್ತ ಬಂದಿರುವ ಗೌರವವು ಚಲನಚಿತ್ರಗಳನ್ನು ಸಂಗ್ರಹಿಸುವವನಿಗೆ ಇನ್ನೂ ಸಂದಿಲ್ಲವಾದರೂ, 1990ರ ದಶಕದ ಕೊನೆಯಿಂದ ಮೊದಲುಗೊಂಡು ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ಕಾಲ, ಮೊದಲು ವಿಸಿಡಿಗಳಾಗಿಯೂ ಅನಂತರ ಡಿವಿಡಿಗಳಾಗಿಯೂ ಅಪರೂಪಕ್ಕೆ ಬ್ಲೂ-ರೇ ಡಿಸ್ಕುಗಳಾಗಿಯೂ ಕನ್ನಡಿಗರ ಮನೆಗಳನ್ನು ಬಂದು ಸೇರಿದ ಚಿತ್ರಗಳ ರಾಶಿ ಸಣ್ಣದೇನಲ್ಲ. 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆಯು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂಬ ಬೆಲೆಯನ್ನು ಗೊತ್ತುಮಾಡಿ ಮಾರುಕಟ್ಟೆಗೆ ಇಳಿದ ಮೇಲಂತೂ, ಅದುವರೆಗೆ ಬಾಡಿಗೆಗೆ ಕ್ಯಾಸೆಟ್ ತಂದು ರಾತ್ರಿಯೆಲ್ಲ ನೋಡಿ ಬೆಳಗ್ಗೆ ಹಿಂದಿರುಗಿಸುತ್ತಿದ್ದ ಸಂಸಾರಗಳೂ ಚಿತ್ರಗಳನ್ನು ಕೊಂಡು ಇಟ್ಟುಕೊಳ್ಳತೊಡಗಿದವು. ಹಾಗೆ ಕೂಡಿದ ನೂರು, ಐನೂರು, ಕೆಲವೆಡೆ ಸಾವಿರಾರು ಡಿಸ್ಕುಗಳು ಇಂದು ಕಪಾಟಿನ ತಳದಲ್ಲಿಯೂ ಮಂಚದ ಕೆಳಗೂ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿಯೂ ಬಿದ್ದುಕೊಂಡಿವೆ. ತನ್ನಲ್ಲಿ ಇಂಥ ಚಿತ್ರ ಇದೆಯೆಂಬುದು ಯಜಮಾನನಿಗೆ ಗೊತ್ತು. ಅದು ಎಲ್ಲಿದೆಯೆಂಬುದು ಗೊತ್ತಿಲ್ಲ.

ಅಂತರ್ಜಾಲದ ಮೂಲಕ ಸಕಲ ಚಿತ್ರಗಳೂ ಬೆರಳ ತುದಿಗೆ ಬರುವ ಈ ಕಾಲದಲ್ಲಿ ಈ ತಟ್ಟೆಗಳ ಉಪಚಾರವೇಕೆ ಎಂದು ಕೇಳುವವರುಂಟು. ಅಂತರ್ಜಾಲದ ಮನರಂಜನಾ ಸಂಸ್ಥೆಗಳು ಚಿತ್ರಗಳನ್ನು ಪ್ರದರ್ಶಿಸುವುದು ಕಾಲಮಿತಿಯುಳ್ಳ ಪರವಾನಗಿಯ ಬಲದಿಂದಲೇ ಹೊರತು ಸ್ವಾಮ್ಯದಿಂದಲ್ಲ. ಅವಧಿ ತೀರಿದೊಡನೆ ನಿನ್ನೆ ಕಂಡ ಚಿತ್ರ ಇಂದು ಕಾಣಿಸದೆ ಹೋಗಬಹುದು. ನಮ್ಮ ಭಾಷೆಯ ಮಟ್ಟಿಗೆ ಹೇಳುವುದಾದರೆ ಈ ಮಾತಿಗೆ ಇನ್ನಷ್ಟು ತೂಕವಿದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದೇ ಒಂದು ಪ್ರತಿಯೂ ಉಳಿದಿಲ್ಲ. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿಯೂ, 1971ರ 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿಯೂ ಬಣ್ಣ ತುಂಬಿ ಮರುಬಿಡುಗಡೆ ಮಾಡಲಾಯಿತು. ಹೊಸ ಪೀಳಿಗೆ ಆ ಚಿತ್ರಗಳನ್ನು ನೋಡುವಂತಾದುದು ಸಂತೋಷದ ಸಂಗತಿಯೇ. ಆದರೆ ಛಾಯಾಗ್ರಾಹಕನು ನೆರಳು ಬೆಳಕುಗಳನ್ನು ಅಳೆದು ನೋಡಿ ಕಟ್ಟಿದ ಮೂಲರೂಪವು ಕಪ್ಪು ಬಿಳುಪಿನದು, ಮತ್ತು ಆ ರೂಪದ ಹಳೆಯ ಡಿಸ್ಕನ್ನು ಜೋಪಾನವಾಗಿ ಇರಿಸಿಕೊಂಡಿರುವವನು ಬಣ್ಣದ ಪ್ರತಿಯೊಂದನ್ನೇ ಬಲ್ಲವನಿಗಿಂತ ಆ ಕೃತಿಗೆ ಹತ್ತಿರದವನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವುದನ್ನು ಕಾಪಾಡಬೇಕೋ ಅದರ ರಚನೆಯನ್ನು ಮೊದಲು ಅರಿಯುವುದು ಉಚಿತ. ವಿಸಿಡಿ, ಡಿವಿಡಿ, ಬ್ಲೂ-ರೇ ಈ ಮೂರೂ 12 ಸೆಂಟಿಮೀಟರ್ ವ್ಯಾಸದ, 1.2 ಮಿಲಿಮೀಟರ್ ದಪ್ಪದ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆಗಳು. ಮಾಹಿತಿಯು ಮಧ್ಯದಿಂದ ಅಂಚಿನ ಕಡೆಗೆ ಬಿಚ್ಚಿಕೊಳ್ಳುತ್ತ ಹೋಗುವ ಒಂದೇ ಒಂದು ಸುರುಳಿಯ ಜಾಡಿನಲ್ಲಿ ಸೂಕ್ಷ್ಮವಾದ ಕುಳಿಗಳ ರೂಪದಲ್ಲಿರುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ದೂರ ವಿಸಿಡಿಯಲ್ಲಿ 1.6 ಮೈಕ್ರಾನ್, ಡಿವಿಡಿಯಲ್ಲಿ 0.74 ಮೈಕ್ರಾನ್, ಬ್ಲೂ-ರೇಯಲ್ಲಿ 0.32 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಜಾಡು ಕಿರಿದಾದಷ್ಟೂ ಅದನ್ನು ಓದುವ ಬೆಳಕಿನ ಅಲೆಯೂ ಕಿರಿದಾಗಬೇಕಷ್ಟೆ. ಆ ಕಾರಣದಿಂದ ಡಿವಿಡಿಗೆ ಕೆಂಪು ಲೇಸರನ್ನೂ ಬ್ಲೂ-ರೇಗೆ ನೀಲನೇರಳೆ ಲೇಸರನ್ನೂ ಬಳಸುತ್ತಾರೆ. ಒಂದೇ ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿದರೆ ಅದೇ ಗಾತ್ರದ ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಯುವುದರ ಗುಟ್ಟು ಇದೇ. ವಿಸಿಡಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷಗಳ ಚಿತ್ರ ಮಾತ್ರ. ನಮ್ಮ ಎರಡೂವರೆ ಗಂಟೆಯ ಚಿತ್ರಗಳು ಎರಡೋ ಮೂರೋ ತಟ್ಟೆಗಳಲ್ಲಿ ಬರುತ್ತಿದ್ದುದೂ, ಎರಡನೆಯ ತಟ್ಟೆಯೊಂದೇ ಕಳೆದುಹೋಗಿ ಕಥೆ ಅರ್ಧಕ್ಕೇ ನಿಲ್ಲುತ್ತಿದ್ದುದೂ ಇದರಿಂದಲೇ.

ಸಂಗ್ರಾಹಕರಲ್ಲಿ ಅನೇಕರು ಲಕ್ಷಿಸದ ವಿಷಯವೊಂದಿದೆ: ಮಾಹಿತಿಯ ಪದರವು ಈ ಮೂರು ಬಗೆಯ ತಟ್ಟೆಗಳಲ್ಲಿ ಮೂರು ಬೇರೆ ಬೇರೆ ಆಳದಲ್ಲಿದೆ. ವಿಸಿಡಿಯಲ್ಲಿ ಅದು ಹೆಸರು ಮುದ್ರಿಸಿದ ಮುಖದ ಕೆಳಗೆ, ಕೆಲವೇ ಮೈಕ್ರಾನಿನ ಮೆರುಗೆಣ್ಣೆಯ ಮರೆಯಲ್ಲಿ ಕುಳಿತಿದೆ, ಡಿವಿಡಿಯಲ್ಲಿ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಸುರಕ್ಷಿತವಾಗಿದೆ. ಬ್ಲೂ-ರೇಯಲ್ಲಾದರೋ ಓದುವ ಮುಖದಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ. ಹೊಳೆಯುವ ಮುಖಕ್ಕೆ ಗೀರು ಬೀಳಬಾರದೆಂಬ ಎಚ್ಚರದಿಂದ ವಿಸಿಡಿಯನ್ನು ಹೆಸರಿನ ಮುಖ ಕೆಳಗಾಗಿ ಮೇಜಿನ ಮೇಲೆ ಇಡುವವನು, ಪಾಪ, ರಕ್ಷಿಸಬೇಕಾದ ಮುಖವನ್ನೇ ಅಪಾಯಕ್ಕೆ ಒಡ್ಡಿರುತ್ತಾನೆ. ಹೊಳೆಯುವ ಮುಖದ ಸಾಮಾನ್ಯ ಗೀರನ್ನು ನುಣುಪುಮಾಡಿ ಸರಿಪಡಿಸಬಹುದು. ಹೆಸರಿನ ಕಡೆಯಿಂದ ಪದರವೇ ಕೆರೆದುಹೋದರೆ ಅದಕ್ಕೆ ಮದ್ದಿಲ್ಲ. ಆದುದರಿಂದ ಯಾವ ಡಿಸ್ಕನ್ನೂ ಯಾವ ಮುಖದ ಮೇಲೂ ಮಲಗಿಸದೆ, ಪೆಟ್ಟಿಗೆಯಿಂದ ಹೊರಬಂದುದು ನೇರವಾಗಿ ಯಂತ್ರಕ್ಕೂ ಯಂತ್ರದಿಂದ ನೇರವಾಗಿ ಪೆಟ್ಟಿಗೆಗೂ ಹೋಗುವಂತೆ ರೂಢಿಮಾಡಿಕೊಳ್ಳತಕ್ಕದ್ದು.

ಧೂಳನ್ನು ಒರಸುವ ಕ್ರಮಕ್ಕೂ ಶಾಸ್ತ್ರವಿದೆ. ಗ್ರಾಮಫೋನ್ ತಟ್ಟೆಗಳನ್ನು ಕಂಡ ಹಿರಿಯರು ಅಭ್ಯಾಸಬಲದಿಂದ ಡಿಸ್ಕನ್ನೂ ವೃತ್ತಾಕಾರವಾಗಿ ಒರಸುವುದುಂಟು, ಅದು ಸಲ್ಲದು. ಈ ತಟ್ಟೆಗಳಲ್ಲಿ ದೋಷಗಳನ್ನು ತಾನಾಗಿಯೇ ತಿದ್ದಿಕೊಳ್ಳುವ ಗಣಿತವೊಂದು ಅಡಗಿದ್ದು, ಜಾಡನ್ನು ಅಡ್ಡಹಾಯುವ ಗೀರು ಪ್ರತಿ ಸುತ್ತಿನಲ್ಲಿಯೂ ಕೆಡಿಸುವುದು ಅತ್ಯಲ್ಪವಾದ್ದರಿಂದ ಆ ನಷ್ಟವನ್ನು ಅದು ತುಂಬಿಕೊಳ್ಳಬಲ್ಲದು. ಜಾಡಿನ ಗುಂಟ ಎಳೆದ ಗೀರು ಒಂದೇ ಕಡೆ ದೀರ್ಘವಾದ ಭಾಗವನ್ನು ನುಂಗುವುದರಿಂದ ಅದನ್ನು ತುಂಬಿಕೊಳ್ಳಲಾರದು. ಮೃದುವಾದ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿಗೂ ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಡಿಸ್ಕಿಗೂ ಇರುವ ಭೇದ ಇನ್ನೂ ಮುಖ್ಯವಾದುದು. ಮೊದಲನೆಯದರಲ್ಲಿ ಕುಳಿಗಳು ಪ್ಲಾಸ್ಟಿಕ್ಕಿನಲ್ಲಿಯೇ ಮೂಡಿರುತ್ತವೆ. ಅವುಗಳ ಮೇಲೆ ಅಲ್ಯೂಮಿನಿಯಮಿನ ತೆಳುವಾದ ಹೊಳಪು ಕೂತಿರುತ್ತದೆ. ಎರಡನೆಯದರಲ್ಲಿ ಕುಳಿಗಳೆಂಬುದಿಲ್ಲ, ಬಣ್ಣದ ಪದರವೊಂದನ್ನು ಲೇಸರ್ ಅಲ್ಲಲ್ಲಿ ಸುಟ್ಟು ಮಾಡಿದ ಗುರುತುಗಳೇ ಮಾಹಿತಿ. ಆ ಬಣ್ಣವು ಬಿಸಿಲಿಗೂ ತಾಪಕ್ಕೂ ಮಾಸತಕ್ಕದ್ದು. ಕೆಳಮುಖವನ್ನು ಬೆಳಕಿಗೆ ಹಿಡಿದರೆ ನೇರಳೆ, ನೀಲಿ ಅಥವಾ ಹಸಿರಿನ ಛಾಯೆ ಕಂಡರೆ ಅದು ಬರೆದ ಡಿಸ್ಕು, ಬೆಳ್ಳಿಯಂತೆ ಹೊಳೆದರೆ ಅಚ್ಚಿನದು ಎಂದು ಸಾಮಾನ್ಯವಾಗಿ ತಿಳಿಯಬಹುದು. ಈಗ ನಮ್ಮ ಮನೆಗಳ ಸ್ಥಿತಿಯನ್ನು ನೋಡಿ: ಅಂಗಡಿಯಲ್ಲಿ ಕೊಂಡ ಚಿತ್ರವು ಅಚ್ಚಿನ ಡಿಸ್ಕಿನಲ್ಲಿದೆ, ಮಗಳ ಮದುವೆಯೂ ಮೊಮ್ಮಗನ ನಾಮಕರಣವೂ ತೀರಿಹೋದ ತಂದೆಯ ಷಷ್ಟ್ಯಬ್ದಿಯೂ ಬರೆದ ಡಿಸ್ಕಿನಲ್ಲಿವೆ. ಸಾವಿರಾರು ಪ್ರತಿಗಳುಳ್ಳ ಕೃತಿಯು ದೀರ್ಘಾಯುವಾಗಿಯೂ, ಜಗತ್ತಿನಲ್ಲಿ ಎರಡನೆಯದಿಲ್ಲದ ಕೃತಿಯು ಅಲ್ಪಾಯುವಾಗಿಯೂ ಒಂದೇ ಗೂಡಿನಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ಬರೆದ ಡಿಸ್ಕುಗಳನ್ನು ಬೇರೆಯಾಗಿ ಎತ್ತಿಟ್ಟು, ಅವುಗಳಲ್ಲಿರುವುದನ್ನು ಹಾರ್ಡ್ ಡಿಸ್ಕಿಗೆ ನಕಲುಮಾಡಿ, ಆ ನಕಲಿನ ಮತ್ತೊಂದು ಪ್ರತಿಯನ್ನು ಬೇರೊಂದು ಮನೆಯಲ್ಲಿರಿಸುವವರೆಗೆ ಭಂಡಾರದ ಉಳಿದ ಅಲಂಕಾರವೆಲ್ಲ ಕಾದಿರಬಹುದು.

ಡಿಸ್ಕುಗಳನ್ನು ದೀರ್ಘಕಾಲ ಕಾಪಿಡುವುದಕ್ಕೆ 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ನೂರಕ್ಕೆ 20ರಿಂದ 50ರಷ್ಟು ಆರ್ದ್ರತೆಯೂ ತಕ್ಕುದೆಂದು ಅಮೆರಿಕದ ರಾಷ್ಟ್ರೀಯ ಪ್ರಮಾಣ ಹಾಗೂ ತಂತ್ರಜ್ಞಾನ ಸಂಸ್ಥೆಯು 2003ರಲ್ಲಿ ಹೊರತಂದ ಕೈಪಿಡಿ ಹೇಳುತ್ತದೆ. ಮಳೆಗಾಲದಲ್ಲಿ ಆರ್ದ್ರತೆ 80ನ್ನು ಮೀರುವ ಮಂಗಳೂರು ಉಡುಪಿಗಳಲ್ಲಿಯೂ, ಬೇಸಿಗೆಯ ತಾಪ 40 ಡಿಗ್ರಿಯನ್ನು ದಾಟುವ ಕಲಬುರಗಿ ರಾಯಚೂರುಗಳಲ್ಲಿಯೂ ಇದನ್ನು ಅಕ್ಷರಶಃ ಪಾಲಿಸುವುದು ಗೃಹಸ್ಥನಿಗೆ ಸಾಧ್ಯವಿಲ್ಲ. ಆದರೆ ಉಷ್ಣತೆಯೂ ತೇವವೂ ಥಟ್ಟನೆ ಏರಿಳಿಯದ ಸ್ಥಳವನ್ನು ಆರಿಸುವುದು ಸಾಧ್ಯ. ಹೊರಗೋಡೆಗೆ ಆನಿಸಿದ ಬೀರು, ಹೆಂಚಿನ ಕೆಳಗಿನ ಅಟ್ಟ, ಅಡುಗೆಮನೆಯ ಒತ್ತಿನ ಕೋಣೆ, ಬಿಸಿಲು ಬೀಳುವ ಕಿಟಕಿ ಇವು ವರ್ಜ್ಯ. ಒಳಗೋಡೆಗೆ ಹೊಂದಿಸಿದ, ನೆಲದಿಂದ ಒಂದಡಿ ಮೇಲಿರುವ, ಬಾಗಿಲುಳ್ಳ ಬೀರು ಪ್ರಶಸ್ತ. ಕರಾವಳಿಯವರೂ ಮಲೆನಾಡಿನವರೂ ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸುತ್ತಿರುವುದು ಒಳಿತು. ಬೂಷ್ಟು ಬರುವುದು ಬಟ್ಟೆಗೂ ಚರ್ಮಕ್ಕೂ ಮಾತ್ರವೆಂದು ಭಾವಿಸಬಾರದು. ಮಧ್ಯ ಅಮೆರಿಕದ ಬೆಲೀಜ್ ಎಂಬ ತೇವಭರಿತ ದೇಶದಿಂದ ಬಂದ ಒಂದು ಸಿಡಿಯನ್ನು ಪರೀಕ್ಷಿಸಿದ ಸ್ಪೇನಿನ ವಿಜ್ಞಾನಿಗಳು, ಶಿಲೀಂಧ್ರವೊಂದು ಅಂಚಿನಿಂದ ಒಳನುಗ್ಗಿ ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮನ್ನೂ ತಿಂದು ದಾರಿಮಾಡಿಕೊಂಡಿದ್ದುದನ್ನು 2001ರಲ್ಲಿ ವರದಿಮಾಡಿದರು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನ ಕಾರ್ಖಾನೆಯೊಂದರಲ್ಲಿ 1988ರಿಂದ 1993ರವರೆಗೆ ತಯಾರಾದ ಸಿಡಿಗಳಲ್ಲಿ ಅನೇಕವು ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದುದಕ್ಕೆ, ಪೆಟ್ಟಿಗೆಯೊಳಗಿನ ಕಿರುಹೊತ್ತಗೆಯ ಕಾಗದದಲ್ಲಿದ್ದ ಗಂಧಕವನ್ನು ಅವುಗಳ ಮೆರುಗೆಣ್ಣೆ ತಡೆಯಲಾರದೆ ಹೋದುದು ಕಾರಣವೆಂದು ಕಂಡುಬಂದಿತು.

ಡಿಸ್ಕಿನ ಮೇಲೆ ಅಂಟುಕಾಗದ ಹಚ್ಚಬಾರದು. ಅಂಟು ಕಾಲಕ್ರಮದಲ್ಲಿ ಮೆರುಗೆಣ್ಣೆಯನ್ನು ಕೆಡಿಸುವುದಲ್ಲದೆ, ವೇಗವಾಗಿ ಸುತ್ತುವ ತಟ್ಟೆಯ ಸಮತೋಲವನ್ನೂ ತಪ್ಪಿಸುತ್ತದೆ. ಬಾಲ್‌ಪೆನ್ನಿನ ಮೊನೆ ಇನ್ನೂ ಕೆಟ್ಟದು. ಬರೆಯಲೇಬೇಕಾದುದು ಒಂದು ಸಂಖ್ಯೆ ಮಾತ್ರ. ಅದನ್ನು ನಡುವಿನ ರಂಧ್ರದ ಸುತ್ತಲಿನ ಪಾರದರ್ಶಕವಾದ ಉಂಗುರದ ಮೇಲೆ, ನೀರಿನ ಶಾಯಿಯ ಮೆತ್ತನೆಯ ಮಾರ್ಕರ್ ಪೆನ್ನಿನಿಂದ ಬರೆದರೆ ಮಾಹಿತಿಗೆ ಯಾವ ಬಾಧೆಯೂ ಇಲ್ಲ.

ಆ ಸಂಖ್ಯೆಯ ವಿಚಾರಕ್ಕೇ ಈಗ ಬರೋಣ. ಇಡೀ ವ್ಯವಸ್ಥೆಯ ಮೂಲಸ್ತಂಭ ಅದೇ. ಸಂಗ್ರಹವನ್ನು ಜೋಡಿಸಲು ಕುಳಿತ ಉತ್ಸಾಹಿಯ ಮನಸ್ಸಿಗೆ ಮೊದಲು ಹೊಳೆಯುವುದು ವಿಷಯಾನುಸಾರವಾದ ಜೋಡಣೆ: ರಾಜ್‌ಕುಮಾರರ ಚಿತ್ರಗಳು ಒಂದು ಗೂಡಿನಲ್ಲಿ, ಪುಟ್ಟಣ್ಣ ಕಣಗಾಲರವು ಮತ್ತೊಂದರಲ್ಲಿ, ಕಾದಂಬರಿ ಆಧಾರಿತವಾದವು ಮೂರನೆಯದರಲ್ಲಿ, ಪೌರಾಣಿಕಗಳು ಇನ್ನೊಂದರಲ್ಲಿ. ನೂರು ಡಿಸ್ಕುಗಳವರೆಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ 1972ರ 'ನಾಗರಹಾವು' ಚಿತ್ರವನ್ನು ಎಲ್ಲಿಡುವುದು? ನಿರ್ದೇಶಕರು ಪುಟ್ಟಣ್ಣ, ನಾಯಕ ವಿಷ್ಣುವರ್ಧನ್, ಕಥೆ ತ.ರಾ.ಸು. ಅವರ ಕಾದಂಬರಿಗಳದು, ಪರಿಸರ ಚಿತ್ರದುರ್ಗದ್ದು. 'ಫಣಿಯಮ್ಮ'ವನ್ನು ಎಂ.ಕೆ. ಇಂದಿರಾ ಅವರ ಕಾದಂಬರಿಯೆಂದು ಇಡುವುದೇ, ಪ್ರೇಮಾ ಕಾರಂತರ ಚಿತ್ರವೆಂದು ಇಡುವುದೇ? ತಟ್ಟೆ ಒಂದೇ, ಅದು ಒಂದು ಕಾಲಕ್ಕೆ ಒಂದೇ ಸ್ಥಳದಲ್ಲಿರಬಲ್ಲದು, ಅದನ್ನು ಅರಸಿ ಬರುವ ದಾರಿಗಳಾದರೋ ಹಲವು. ಇದಲ್ಲದೆ ಪುಟ್ಟಣ್ಣನವರ ಗೂಡು ತುಂಬಿದ ಮೇಲೆ 'ಶರಪಂಜರ' ಬಂದಿತೆಂದರೆ ಅದರ ಮುಂದಿನ ಗೂಡುಗಳನ್ನೆಲ್ಲ ಸರಿಸಬೇಕು. ಹಾಗೆ ಎರಡು ಸಲ ಸರಿಸಿದವನು ಮೂರನೆಯ ಸಲ ಕೈಬಿಡುತ್ತಾನೆ, ಬಹುತೇಕ ಸಂಗ್ರಹಗಳ ಶಿಸ್ತು ಕೆಡುವುದು ಈ ಘಟ್ಟದಲ್ಲಿಯೇ.

ಗ್ರಂಥಾಲಯಶಾಸ್ತ್ರವು ಈ ಸಂಕಟವನ್ನು ಬಹುಕಾಲದ ಹಿಂದೆಯೇ ಕಂಡಿದೆ. 1933ರಲ್ಲಿ ದ್ವಿಬಿಂದು ವರ್ಗೀಕರಣವನ್ನು ಪ್ರಕಟಿಸಿದವರೂ, 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದವರೂ, ಈ ನಗರದಲ್ಲಿಯೇ 1972ರಲ್ಲಿ ಕೊನೆಯುಸಿರೆಳೆದವರೂ ಆದ ಎಸ್.ಆರ್. ರಂಗನಾಥನ್ ಅವರು, ವಸ್ತುವೊಂದಕ್ಕೆ ಹಲವು ಮುಖಗಳಿರುತ್ತವೆಂದೂ ಆ ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಮತ್ತೆ ಜೋಡಿಸಬಹುದೆಂದೂ ತೋರಿಸಿಕೊಟ್ಟರು. ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವಿಯೆಂಬ ಅವರ ಐದನೆಯ ಸೂತ್ರವು ಮನೆಯ ಬೀರುವಿಗೂ ಅನ್ವಯಿಸುತ್ತದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಓದುಗರು ಗೂಡಿನ ಮುಂದೆ ನಿಂತು ಆರಿಸುವುದರಿಂದ ಅಲ್ಲಿ ವಿಷಯಾನುಕ್ರಮ ಅವಶ್ಯ. ಮನೆಯ ಡಿಸ್ಕುಭಂಡಾರಕ್ಕೆ ಆ ನಿರ್ಬಂಧವಿಲ್ಲ. ಇಲ್ಲಿ ಅನುಸರಿಸಬೇಕಾದುದು, ಗ್ರಂಥಪಾಲಕರು ಪರಿಗ್ರಹಣ ಸಂಖ್ಯೆಯೆಂದು ಕರೆಯುವ ಸರಳವಾದ ಉಪಾಯ: ಮನೆಗೆ ಬಂದ ಕ್ರಮದಲ್ಲಿ 1, 2, 3 ಎಂದು ಸಂಖ್ಯೆ ಕೊಟ್ಟು, ಆ ಕ್ರಮದಲ್ಲಿಯೇ ಶಾಶ್ವತವಾಗಿ ನಿಲ್ಲಿಸುವುದು, ನಟ, ನಿರ್ದೇಶಕ, ಕಾದಂಬರಿ, ಭಾಷೆ, ವರ್ಷ ಎಂಬ ಕ್ರಮಗಳನ್ನೆಲ್ಲ ಸೂಚಿಗೆ ಬಿಡುವುದು. ಗೂಡು ನಿಶ್ಚಲವಾಗಿದ್ದು ಸೂಚಿಯು ಬೇಕಾದಂತೆ ತಿರುಗಲಿ. ಹೊಸ ಡಿಸ್ಕು ಬಂದರೆ ಅದು ಕೊನೆಗೆ ಸೇರುತ್ತದೆ, ಹಳೆಯದಾವುದೂ ಕದಲಬೇಕಾಗಿಲ್ಲ. ಎರಡು ಮೂರು ತಟ್ಟೆಗಳ ಚಿತ್ರವಾದರೆ 214-1, 214-2 ಎಂದು ಗುರುತಿಸಿದರಾಯಿತು.

ಸಂಖ್ಯೆಯನ್ನು ನೆಚ್ಚುವುದರಿಂದ ಸ್ಥಳದ ಪ್ರಶ್ನೆಯೂ ಹಗುರಾಗುತ್ತದೆ. ಡಿವಿಡಿಯ ಸಾಮಾನ್ಯ ಪೆಟ್ಟಿಗೆಯ ದಪ್ಪ ಸುಮಾರು 15 ಮಿಲಿಮೀಟರ್. ಒಂದು ಮೀಟರ್ ಉದ್ದದ ಹಲಗೆಯ ಮೇಲೆ 66 ಪೆಟ್ಟಿಗೆಗಳು ನಿಲ್ಲುತ್ತವೆ, ಸಾವಿರಕ್ಕೆ 15 ಮೀಟರ್ ಹಲಗೆ ಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ ಇದು ಭಾರವೇ ಸರಿ. ಅಂಥವರು ಪೆಟ್ಟಿಗೆಗಳನ್ನು ಬಿಟ್ಟು, ಡಿಸ್ಕುಗಳನ್ನು ಪಾಲಿಪ್ರೊಪಿಲೀನಿನ ತೆಳುಚೀಲಗಳಲ್ಲಿ ಹಾಕಿ, ಉದ್ದನೆಯ ಡ್ರಾಯರಿನಲ್ಲಿ ಸಂಖ್ಯಾನುಕ್ರಮವಾಗಿ ನಿಲ್ಲಿಸಬಹುದು. ಮೇಲ್ಹೊದಿಕೆಯ ಮುದ್ರಿತ ಕಾಗದಗಳನ್ನು ಎಸೆಯದೆ, ಅದೇ ಸಂಖ್ಯೆ ಬರೆದು, ಫೈಲಿನಲ್ಲಿ ಚಪ್ಪಟೆಯಾಗಿ ಕಾದಿಡಬೇಕು. ಪಿವಿಸಿ ಎಂಬ ಅಗ್ಗದ ಪ್ಲಾಸ್ಟಿಕ್ಕಿನ ಚೀಲಗಳು ಸೆಕೆಗೆ ಡಿಸ್ಕಿಗೆ ಅಂಟಿಕೊಳ್ಳುವುದರಿಂದ ಅವು ಬೇಡ. ಸ್ಥಳವಿದ್ದವರು ಮೂಲದ ಪೆಟ್ಟಿಗೆಗಳಲ್ಲಿಯೇ ಇರಿಸಲಿ ಎಂಬುದು ನನ್ನ ಆಶೆ, ಏಕೆಂದರೆ ಗಟ್ಟಿಪೆಟ್ಟಿಗೆಯಲ್ಲಿ ತಟ್ಟೆಯ ಮುಖಕ್ಕೆ ಏನೂ ತಾಗುವುದಿಲ್ಲ. ಹೇಗೆ ಇರಿಸಿದರೂ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ.

ಸೂಚಿಯನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯುವುದು ಎಲ್ಲಕ್ಕಿಂತ ಸುಲಭ. ಬಾರ್‌ಕೋಡನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಚಿತ್ರದ ವಿವರಗಳನ್ನು ತಾನೇ ತುಂಬಿಕೊಳ್ಳುವ ತಂತ್ರಾಂಶಗಳೂ ಉಂಟು. ಹಾಲಿವುಡ್ ಚಿತ್ರಗಳಿಗೆ ಅವು ಬಹಳ ಸಹಕಾರಿ. ನಮ್ಮ ದೇಶದ 890ರಿಂದ ಮೊದಲಾಗುವ ಬಾರ್‌ಕೋಡಿನ ಕನ್ನಡ ಡಿಸ್ಕುಗಳ ವಿವರ ಅವುಗಳ ಭಂಡಾರದಲ್ಲಿ ಸಿಕ್ಕೀತೆಂದು ನೆಚ್ಚುವಂತಿಲ್ಲವಾದ್ದರಿಂದ, ನಮ್ಮ ಚಿತ್ರಗಳನ್ನು ನಾವೇ ಕೈಯಾರೆ ಬರೆಯಬೇಕು. ಬರೆಯುವಾಗ ಹೆಸರಿನ ಪಕ್ಕದಲ್ಲಿ ವರ್ಷವನ್ನು ಬಿಡಲೇಬಾರದು. 'ನಾಗರಹಾವು' ಎಂಬ ಹೆಸರಿನಿಂದ 1972ರಲ್ಲಿಯೂ 2002ರಲ್ಲಿಯೂ 2016ರಲ್ಲಿಯೂ ಮೂರು ಬೇರೆ ಬೇರೆ ಚಿತ್ರಗಳು ಬಂದಿವೆ. 'ಸತ್ಯ ಹರಿಶ್ಚಂದ್ರ' 1943ರದೂ ಇದೆ, 1965ರದೂ ಇದೆ. 'ಗಂಧದ ಗುಡಿ' ಎಂದರೆ 1973ರ ಕಥಾಚಿತ್ರವೂ ಆಗಬಹುದು, 2022ರ ಸಾಕ್ಷ್ಯಚಿತ್ರವೂ ಆಗಬಹುದು. ಬಣ್ಣ ತುಂಬಿದ್ದೋ ಮೂಲದ್ದೋ ಎಂಬುದನ್ನೂ ಗುರುತಿಸಬೇಕು. ಹೆಸರನ್ನು ಕನ್ನಡ ಲಿಪಿಯಲ್ಲೊಮ್ಮೆ, ಪೆಟ್ಟಿಗೆಯ ಬೆನ್ನಿನ ಮೇಲೆ ಮುದ್ರಿತವಾದ ಇಂಗ್ಲಿಷ್ ಕಾಗುಣಿತದಲ್ಲೊಮ್ಮೆ ಬರೆದಿಟ್ಟರೆ ಅಕ್ಷರಾನುಕ್ರಮವು ವರ್ಣಮಾಲೆಯ ಪ್ರಕಾರ ಸಿದ್ಧವಾಗುವುದಲ್ಲದೆ, ಒಂದೇ ಹೆಸರನ್ನು ಒಬ್ಬ ಪ್ರಕಾಶಕನು ಒಂದು ರೀತಿಯಲ್ಲಿಯೂ ಮತ್ತೊಬ್ಬನು ಇನ್ನೊಂದು ರೀತಿಯಲ್ಲಿಯೂ ಬರೆದ ತೊಡಕೂ ಕಳೆಯುತ್ತದೆ. ನಿರ್ದೇಶಕ, ಮುಖ್ಯ ನಟರು, ಭಾಷೆ, ಉಪಶೀರ್ಷಿಕೆ, ಡಿಸ್ಕಿನ ಬಗೆ, ಒಟ್ಟು ತಟ್ಟೆಗಳು ಇವು ಎಲ್ಲರಿಗೂ ತೋಚುವಂಥವು. ಕನ್ನಡದ ಸಂಗ್ರಾಹಕನು ಮೂಲಕೃತಿಕಾರನಿಗೊಂದು ಅಂಕಣವನ್ನು ಅವಶ್ಯವಾಗಿ ತೆರೆಯಲಿ, ತ್ರಿವೇಣಿ, ಟಿ.ಕೆ. ರಾಮರಾವ್, ಅನಂತಮೂರ್ತಿ, ಎಂ.ಕೆ. ಇಂದಿರಾ ಎಂಬ ಹೆಸರುಗಳಿಂದ ಚಿತ್ರಗಳನ್ನು ಹುಡುಕುವ ಸೌಕರ್ಯವುಳ್ಳ ಸೂಚಿಯು ಮನೆಯ ಪುಸ್ತಕದ ಕಪಾಟಿನೊಡನೆಯೂ ಸಂಬಂಧ ಬೆಳೆಸುತ್ತದೆ.

ವಿದೇಶದಿಂದ ಬಂದ ಡಿಸ್ಕುಗಳಿಗೆ ವಲಯದ ಸಂಖ್ಯೆಯನ್ನೂ ಬರೆಯಬೇಕು. ಡಿವಿಡಿಗಳಿಗೆ ಜಗತ್ತನ್ನು ವಲಯಗಳಾಗಿ ಹಂಚಿದಾಗ ಅಮೆರಿಕ 1ನೆಯದಕ್ಕೂ ಭಾರತ 5ನೆಯದಕ್ಕೂ ಸೇರಿದವು. ಅಮೆರಿಕದಲ್ಲಿರುವ ಮಗ ಪ್ರೀತಿಯಿಂದ ತಂದ ಡಿಸ್ಕು ಇಲ್ಲಿನ ಯಂತ್ರದಲ್ಲಿ ನಡೆಯದಿದ್ದರೆ ದೋಷ ಡಿಸ್ಕಿನದಲ್ಲ. ಎರವಲು ಒಯ್ದವರ ಹೆಸರಿಗೂ ದಿನಾಂಕಕ್ಕೂ ಒಂದು ಅಂಕಣ ಇರಲಿ. ಕೊನೆಯ ಅಂಕಣವು ಪರೀಕ್ಷೆಯದು: ಡಿಸ್ಕನ್ನು ಕಡೆಯ ಸಲ ಯಂತ್ರಕ್ಕೆ ಹಾಕಿ ಆದಿಯಿಂದ ಅಂತ್ಯದವರೆಗೆ ನಡೆಯುವುದೆಂದು ಖಚಿತಪಡಿಸಿಕೊಂಡುದು ಯಾವಾಗ ಎಂಬುದು ಅಲ್ಲಿ ಬರಲಿ.

ಯಂತ್ರವನ್ನೂ ಸಂಗ್ರಹದ ಅಂಗವೆಂದೇ ಎಣಿಸತಕ್ಕದ್ದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಾಯಿಯೇ ಇಲ್ಲ. ಅಂಚೆಯಲ್ಲಿ ಡಿವಿಡಿ ಕಳುಹಿಸುವುದರಿಂದಲೇ 1998ರಲ್ಲಿ ವ್ಯಾಪಾರ ಮೊದಲುಮಾಡಿದ ನೆಟ್‌ಫ್ಲಿಕ್ಸ್ 2023ರಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಸೋನಿ 2025ರಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಕೈಬಿಟ್ಟಿತು. ಮೂರು ಬಗೆಯ ತಟ್ಟೆಗಳನ್ನೂ ಓದಬಲ್ಲ ಯಂತ್ರವೊಂದು ಅಂಗಡಿಗಳಲ್ಲಿ ದೊರೆಯುತ್ತಿರುವಾಗಲೇ ಕೊಂಡಿಡುವುದು ವಿವೇಕ.

ಸೂಚಿಯು ಕಂಪ್ಯೂಟರಿನಲ್ಲಿ ಮಾತ್ರವಿದ್ದರೆ ಸಾಲದು. ವರ್ಷಕ್ಕೊಮ್ಮೆ ಅದನ್ನು ಮುದ್ರಿಸಿ ಬೀರುವಿನ ಬಾಗಿಲ ಒಳಗಡೆ ತೂಗುಹಾಕಬೇಕು. ಸಂಗ್ರಾಹಕನಲ್ಲದ ಮನೆಯವರೂ ಅದನ್ನು ನೋಡಿ ಬೇಕಾದ ಚಿತ್ರವನ್ನು ತೆಗೆದುಕೊಳ್ಳಬಲ್ಲರೆಂದರೆ ಆ ಭಂಡಾರವು ವ್ಯವಸ್ಥಿತವಾಗಿದೆಯೆಂದು ತಿಳಿಯಬೇಕು. ಸ್ಥಳವಿಲ್ಲವೆಂದು ಹಳೆಯ ಕನ್ನಡ ವಿಸಿಡಿಗಳನ್ನು ಗುಜರಿಗೆ ಹಾಕಲು ನಿಶ್ಚಯಿಸಿರುವವರು, ಹಾಕುವ ಮುನ್ನ ಅವುಗಳ ಪಟ್ಟಿಯೊಂದನ್ನು ಮಾಡಿ ಚಿತ್ರಾಸಕ್ತರಾದ ಪರಿಚಿತರಿಗೋ ಊರಿನ ಗ್ರಂಥಾಲಯಕ್ಕೋ ತೋರಿಸಬೇಕೆಂದು ನನ್ನ ಪ್ರಾರ್ಥನೆ. ಮಿಕ್ಕವರು ಈ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಯೋಚಿಸುತ್ತಿದ್ದರೆ, ಮೊದಲನೆಯ ಸಂಖ್ಯೆಯನ್ನು ಮದುವೆಯ ಡಿಸ್ಕಿಗೆ ಕೊಡಿ, ಮತ್ತು ಅದರ ನಕಲನ್ನು ಈ ತಿಂಗಳಿನಲ್ಲಿಯೇ ಮಾಡಿಸಿ.